ಮಣಿ ಉರುಳಿದರೆ ಸಾಕೇ?

1883ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಅಕ್ಟೋಬರ್ ತಿಂಗಳನ್ನು ಜಪಸರಕ್ಕೆಂದು ಮೀಸಲಿಟ್ಟರು. ಅಂದಿನಿಂದ ಚರ್ಚುಗಳಲ್ಲಿ ಈ ತಿಂಗಳು ಸಂಜೆಯ ಹೊತ್ತು ಮಣಿ ಸರಿಯುತ್ತಲೇ ಇದೆ, ಈ ಅಂಕಣಕ್ಕೆ ಪತ್ರಗಳೂ ಬರುತ್ತಲೇ ಇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಫಾದರ್, ನಾನು ಡಿಗ್ರಿ ಓದುತ್ತಿದ್ದೇನೆ. ರಜೆಗೆ ಮನೆಗೆ ಹೋದರೆ ರಾತ್ರಿ ಜಪಸರಕ್ಕೆ ಕೂರಲೇಬೇಕು. ಬಾಯಿ ‘ನಮೋ ಮರಿಯಾ’ ಅನ್ನುತ್ತಿದ್ದರೆ ಮನಸ್ಸು ಕ್ರಿಕೆಟ್ ಸ್ಕೋರಿನಲ್ಲಿರುತ್ತದೆ. ಹಾಸ್ಟೆಲ್ ರೂಮಿನಲ್ಲಿ ನನ್ನ ಜೊತೆಗಿರುವ ಗೆಳೆಯ ಬೇರೆ ಸಭೆಯವನು. ಮತ್ತಾಯನ ಶುಭಸಂದೇಶದ 6:7 ತೋರಿಸಿ, ಒಂದೇ ಮಾತನ್ನು ಐವತ್ತು ಸಲ ಹೇಳುವುದನ್ನು ಯೇಸುವೇ ಬೇಡವೆಂದಿದ್ದಾರೆ ಅನ್ನುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ. – ಹಾಸನ

ಉತ್ತರ: ಗೆಳೆಯನ ಪ್ರಶ್ನೆಯನ್ನೇ ಮೊದಲು ನೋಡೋಣ, ಅದು ಸುಲಭ. ಆ ವಚನದಲ್ಲಿ ಯೇಸು ಬೇಡವೆಂದದ್ದು ಮಾತು ಹೆಚ್ಚಾದಷ್ಟೂ ದೇವರು ಮಣಿಯುತ್ತಾನೆ ಎಂಬ ನಂಬಿಕೆಯನ್ನು. ಅದೇ ಶುಭಸಂದೇಶದ 26:44 ತೆಗೆದು ಓದಲು ಹೇಳು. ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೆಯ ಬಾರಿಯೂ ಹೋಗಿ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದಿದೆ. 136ನೆಯ ಕೀರ್ತನೆಯಲ್ಲಿ 26 ವಚನಗಳಿವೆ, ಇಪ್ಪತ್ತಾರಕ್ಕೂ ಒಂದೇ ಪಲ್ಲವಿ. ಹೇಳಿದ್ದನ್ನೇ ಹೇಳುವುದು ತಪ್ಪಾಗಿದ್ದರೆ ಬೈಬಲ್ಲಿನಿಂದಲೇ ಎಷ್ಟೋ ಪುಟ ಕೀಳಬೇಕಾದೀತು. ‘ನಮೋ ಮರಿಯಾ’ದ ಮೊದಲರ್ಧ ಲೂಕನ ಮೊದಲ ಅಧ್ಯಾಯದ್ದೇ: 28ನೆಯ ವಚನದಲ್ಲಿ ಗಬ್ರಿಯೇಲ ದೂತ ಹೇಳಿದ್ದು, 42ರಲ್ಲಿ ಎಲಿಜಬೇತಮ್ಮ ಹೇಳಿದ್ದು. ನಮಗಾಗಿ ಪ್ರಾರ್ಥಿಸು ಎಂದು ಬೇಡುವ ಉಳಿದರ್ಧ ಧರ್ಮಸಭೆಯಲ್ಲಿ ನಿಧಾನವಾಗಿ ಬೆಳೆದು 1568ರ ರೋಮನ್ ಪ್ರಾರ್ಥನಾ ಗ್ರಂಥದಲ್ಲಿ ನೆಲೆಗೊಂಡಿತು. ಎರಡೂ ಕೂಡುವ ಜಾಗದಲ್ಲಿ ಯೇಸುವಿನ ಹೆಸರಿದೆ. ಇಷ್ಟನ್ನು ಹೇಳಿ ಸುಮ್ಮನಾಗು. ವಾದದಲ್ಲಿ ಗೆದ್ದು ಸ್ನೇಹ ಕಳೆದುಕೊಳ್ಳುವ ವಿಷಯವಲ್ಲ ಇದು.

ಇನ್ನು ನಿನ್ನ ಪ್ರಶ್ನೆ, ಅದೇ ಕಷ್ಟದ್ದು. ಲಿಸ್ಯೂವಿನ ಸಂತ ತೆರೇಸಮ್ಮ, ನಾವು ‘ಚಿಕ್ಕ ತೆರೇಸ’ ಅನ್ನುತ್ತೇವಲ್ಲ, ಅವರು ತಮ್ಮ ಆತ್ಮಕಥೆಯಲ್ಲಿ ಒಂದು ಮಾತು ಬರೆದಿದ್ದಾರೆ. ಒಬ್ಬರೇ ಕೂತು ಜಪಸರ ಹೇಳುವುದು ದೇಹದಂಡನೆಯ ಉಪಕರಣ ಧರಿಸುವುದಕ್ಕಿಂತ ತಮಗೆ ಕಷ್ಟವಾಗಿತ್ತಂತೆ, ಎಷ್ಟು ಪ್ರಯತ್ನಿಸಿದರೂ ಮನಸ್ಸು ರಹಸ್ಯಗಳ ಮೇಲೆ, ಅಂದರೆ ಹತ್ತತ್ತು ಮಣಿಗೆ ಒಂದರಂತೆ ಧ್ಯಾನಿಸುವ ಘಟನೆಗಳ ಮೇಲೆ, ನಿಲ್ಲುತ್ತಿರಲಿಲ್ಲವಂತೆ. ಧರ್ಮಸಭೆ ಅವರನ್ನು ವೇದಪಂಡಿತೆ ಎಂದು ಘೋಷಿಸಿದೆ. ನೀನು ಕಂಗಾಲಾಗಬೇಕಿಲ್ಲ.

ಆದರೆ ಅದನ್ನೇ ನೆಪ ಮಾಡಿಕೊಳ್ಳಲೂ ಬೇಡ. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ಶರೀರವೆಂದು 1974ರಲ್ಲೇ ಪೋಪ್ ಆರನೆಯ ಪೌಲ್ ಎಚ್ಚರಿಸಿದ್ದರು. ನಮ್ಮ ಮನೆಗಳಲ್ಲಿ ಹೇಳುವ ವೇಗವನ್ನು ಗಮನಿಸಿದ್ದೀಯಾ? ಮುಂದಾಳು ಮೊದಲರ್ಧ ಮುಗಿಸುವ ಮುಂಚೆಯೇ ಉಳಿದವರು ಉತ್ತರಾರ್ಧ ಶುರು ಮಾಡಿರುತ್ತಾರೆ. ಐದು ರಹಸ್ಯ ಹನ್ನೊಂದು ನಿಮಿಷದಲ್ಲಿ ಮುಗಿದರೆ ಮನಸ್ಸು ಕಾಲೂರುವುದೆಲ್ಲಿ? ಇಪ್ಪತ್ತು ನಿಮಿಷವಾದರೂ ಬೇಕು.

ಹಳೆಯದೊಂದು ಉಪಾಯವಿದೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಟ್ರಿಯರ್ ಪಟ್ಟಣದಲ್ಲಿ ಪ್ರಶ್ಯದ ದೊಮಿನಿಕ್ ಎಂಬ ಕಾರ್ಥೂಸಿಯನ್ ಸನ್ಯಾಸಿ ಇದ್ದರು. ಪ್ರತಿ ‘ನಮೋ ಮರಿಯಾ’ದಲ್ಲಿ ಯೇಸುವಿನ ಹೆಸರು ಬಂದ ಕೂಡಲೇ ಅವರ ಜೀವನದ ಒಂದು ಘಟನೆಯನ್ನು ನೆನಪಿಸುವ ಚಿಕ್ಕ ನುಡಿಯೊಂದನ್ನು ಅವರು ಸೇರಿಸಿದರು, ಹೀಗೆ ಐವತ್ತು ನುಡಿಗಳು. ಜರ್ಮನ್ ಭಾಷಿಕರಲ್ಲಿ ಆ ಪದ್ಧತಿ ಇಂದಿಗೂ ಇದೆ. ಪೋಪ್ ಎರಡನೆಯ ಜಾನ್ ಪೌಲರೂ 2002ರ ತಮ್ಮ ಪತ್ರದಲ್ಲಿ ಹೀಗೆ ನುಡಿ ಸೇರಿಸುವುದನ್ನು ಮೆಚ್ಚಿದ್ದಾರೆ. ನೀನು ದಿನಕ್ಕೊಂದೇ ರಹಸ್ಯಕ್ಕೆ ಮಾಡಿ ನೋಡು. ಎರಡನೆಯ ಸಂತೋಷದ ರಹಸ್ಯವಾದರೆ, ‘ಹುಟ್ಟುವ ಮುಂಚೆಯೇ ಎಲಿಜಬೇತಳ ಮನೆಗೆ ನಡೆದ ಯೇಸು’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಂದೆ ಹೋಗು. ಸ್ಕೋರು ಆಗಲೂ ನೆನಪಾಗುತ್ತದೆ, ಆದರೆ ಮರಳಿ ಬರಲು ಒಂದು ಜಾಗವಿರುತ್ತದೆ.

ಪ್ರಶ್ನೆ: ನಮ್ಮದು ಬೆಳ್ತಂಗಡಿ ಕಡೆ, ಈಗ ಇರುವುದು ಕುವೈತಿನಲ್ಲಿ. ಚಿಕ್ಕಂದಿನಲ್ಲಿ ಸಂಜೆಯಾದರೆ ತೇರ್ಸ್ (ಜಪಸರ), ಅದು ಮುಗಿದ ಮೇಲೆ ಹಿರಿಯರಲ್ಲಿ ಒಬ್ಬೊಬ್ಬರಾಗಿ ಬೆಸಾಂವ್ (ಆಶೀರ್ವಾದ) ಕೇಳುವುದು. ಇಲ್ಲಿ ಯಜಮಾನರಿಗೆ ಶಿಫ್ಟ್ ಕೆಲಸ. ಹದಿಮೂರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು ಮೊಬೈಲ್ ಬಿಟ್ಟು ಏಳುವುದಿಲ್ಲ. ಬೈದು ಕೂರಿಸಿದರೆ ಮುಖ ಊದಿಸಿಕೊಂಡು ಹೇಳುತ್ತಾರೆ. ಅಂಥ ಪ್ರಾರ್ಥನೆಯಿಂದ ಏನು ಫಲ? – ಕುವೈತ್

ಉತ್ತರ: ಬೈದು ಕೂರಿಸಿದ ಜಪಸರದಲ್ಲಿ ಮಕ್ಕಳು ಕಲಿಯುವುದು ಒಂದೇ: ದೇವರ ಹೆಸರು ಬಂದಾಗಲೆಲ್ಲ ಅಮ್ಮನಿಗೆ ಸಿಟ್ಟು ಬರುತ್ತದೆ ಎಂದು.

ಸ್ವಲ್ಪ ಕಡಿಮೆ ಮಾಡಿ ತಂಗಿ. ದಿನವೂ ಐದು ರಹಸ್ಯ ಎಂಬ ಹಟ ಬಿಡಿ. ಕೆಲಸದ ದಿನ ಒಂದೇ ರಹಸ್ಯ, ಹತ್ತು ಮಣಿ, ನಾಲ್ಕೈದು ನಿಮಿಷ. ಕುವೈತಿನಲ್ಲಿ ಶುಕ್ರವಾರ ರಜೆ, ಬಲಿಪೂಜೆಗೂ ಅಂದೇ ಹೋಗುತ್ತೀರಿ, ಆ ದಿನ ಐದೂ ಹೇಳಿ. ಮುಂದಾಳುತನ ಮಕ್ಕಳಿಗೆ ಕೊಡಿ. ಯಾರಿಗಾಗಿ ಪ್ರಾರ್ಥಿಸಬೇಕೆಂದು ಅವರೇ ಹೇಳಲಿ. ಒಂಬತ್ತರವನು ಗಣಿತದ ಪರೀಕ್ಷೆಗೆಂದರೆ ನಗಬೇಡಿ, ಹದಿಮೂರರವಳು ಏನೂ ಹೇಳದಿದ್ದರೆ ಕೆದಕಬೇಡಿ. ಮೊಬೈಲನ್ನು ಎಲ್ಲರೂ ಇನ್ನೊಂದು ಕೋಣೆಯಲ್ಲಿಡಬೇಕು, ನೀವೂ ಸಹ. ಆ್ಯಪ್ ನೋಡಿ ರಹಸ್ಯ ಓದುತ್ತೇನೆ ಎಂಬ ಅಮ್ಮಂದಿರು ಮೂರನೆಯ ಮಣಿಗೆ ವಾಟ್ಸ್ಆ್ಯಪ್ ತೆರೆದಿರುತ್ತಾರೆ, ಮಕ್ಕಳ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ.

ಇನ್ನೊಂದು, ಕರಾವಳಿಯ ಮನೆಗಳ ವಿಶೇಷ ಕಾಯಿಲೆ. ಜಪಸರ ಮುಗಿದರೂ ಮುಗಿಯುವುದಿಲ್ಲ. ತೀರಿಕೊಂಡ ಅಜ್ಜನಿಗೊಂದು, ಮುಂಬೈ ಚಿಕ್ಕಪ್ಪನಿಗೊಂದು, ಸಂತ ಅಂತೋಣಿಯವರಿಗೊಂದು, ಮಳೆಗೊಂದು ಎಂದು ಬಾಲ ಬೆಳೆಯುತ್ತಲೇ ಹೋಗುತ್ತದೆ. ಅಜ್ಜಿಯಂದಿರಿಗೆ ಅದು ಚೆನ್ನ. ಮಕ್ಕಳಿರುವ ಮನೆಯಲ್ಲಿ ಅದನ್ನೆಲ್ಲ ಒಂದೇ ಪ್ರಾರ್ಥನೆಯಲ್ಲಿ ಸೇರಿಸಿಬಿಡಿ.

ಬೆಸಾಂವ್ ಕೇಳುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹದಿಮೂರರ ಹುಡುಗಿಯ ತಲೆಯ ಮೇಲೆ ಅಪ್ಪ ಕೈಯಿಡುವ ಸಂದರ್ಭ ದಿನದಲ್ಲಿ ಬೇರೆ ಯಾವುದಿದೆ? ಯಜಮಾನರು ರಾತ್ರಿ ಪಾಳಿಗೆ ಹೊರಡುವ ಮುನ್ನ ಹತ್ತು ಮಣಿ ಹೇಳಿ ಬೆಸಾಂವ್ ಕೊಟ್ಟು ಹೋಗಲಿ. ಐರ್ಲೆಂಡಿನಲ್ಲಿ ಹುಟ್ಟಿದ ಫಾದರ್ ಪ್ಯಾಟ್ರಿಕ್ ಪೇಟನ್ (1909–1992) ಕುಟುಂಬ ಜಪಸರವನ್ನು ಸಾರುತ್ತ ದೇಶ ದೇಶ ಸುತ್ತಿದವರು, ರೇಡಿಯೋ ನಾಟಕಗಳನ್ನೂ ಮಾಡಿಸಿದವರು. ಕೂಡಿ ಪ್ರಾರ್ಥಿಸುವ ಕುಟುಂಬ ಕೂಡಿ ಬಾಳುತ್ತದೆಂಬುದು ಅವರ ಘೋಷಣೆಯಾಗಿತ್ತು. ಘೋಷಣೆಗಳ ಬಗ್ಗೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ, ಪ್ರಾರ್ಥಿಸಿಯೂ ಒಡೆದ ಮನೆಗಳನ್ನು ಕಂಡಿದ್ದೇನೆ. ಆದರೆ ದಿನಕ್ಕೆ ಐದು ನಿಮಿಷ ಒಂದೇ ಕಡೆ ಮುಖ ಮಾಡಿ ಕೂರದ ಮನೆಗಿಂತ ಕೂರುವ ಮನೆಯಲ್ಲಿ ಜಗಳ ಬೇಗ ಮುಗಿಯುತ್ತದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 76 ವರ್ಷ. ಜಪಸರವನ್ನು ಮಾತೆ ಮರಿಯಮ್ಮನವರೇ ಸಂತ ದೊಮಿನಿಕರಿಗೆ ಕೊಟ್ಟರೆಂದು ಕಲಿತವನು. ಹಾಗಿರುವಾಗ 2002ರಲ್ಲಿ ಪೋಪ್ ಅವರು ಬೆಳಕಿನ ರಹಸ್ಯಗಳನ್ನು ಹೇಗೆ ಸೇರಿಸಿದರು? ಗುರುವಾರ ನಾನು ಹಳೆಯ ಕ್ರಮದಂತೆ ಸಂತೋಷದ ರಹಸ್ಯಗಳನ್ನೇ ಹೇಳುತ್ತೇನೆ. ಸೊಸೆ ಆಕ್ಷೇಪಿಸುತ್ತಾಳೆ. – ಶಿರ್ವ

ಉತ್ತರ: ಮಾಸ್ಟರ್ರೇ, ನೀವು ಹೇಳುವುದು ತಪ್ಪಲ್ಲ, ಸೊಸೆ ಹೇಳುವುದೂ ತಪ್ಪಲ್ಲ. ಎರಡನೆಯ ಜಾನ್ ಪೌಲರು ಆ ಐದು ರಹಸ್ಯಗಳನ್ನು ಸೂಚಿಸಿದ್ದೇ ಹೊರತು ವಿಧಿಸಲಿಲ್ಲ. ವ್ಯಕ್ತಿಗಳ, ಸಮುದಾಯಗಳ ಸ್ವಾತಂತ್ರ್ಯಕ್ಕೆ ಬಿಟ್ಟದ್ದೆಂದು 2002ರ ತಮ್ಮ ಪತ್ರದಲ್ಲೇ ಬರೆದಿದ್ದಾರೆ.

ದೊಮಿನಿಕರ ಕತೆ ಪರಂಪರೆಯಿಂದ ಬಂದದ್ದು, ಹದಿಮೂರನೆಯ ಶತಮಾನದ ದಾಖಲೆಗಳಲ್ಲಿ ಇತಿಹಾಸಕಾರರಿಗೆ ಅದಕ್ಕೆ ಆಧಾರ ಸಿಕ್ಕಿಲ್ಲ. ಜಪಸರ ಬೆಳೆದದ್ದು ನಿಧಾನವಾಗಿ. ಮಠಗಳಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದು ಬಾರದ ಜನ ಅದರ ಬದಲಿಗೆ ಪ್ರಭು ಕಲಿಸಿದ ಪ್ರಾರ್ಥನೆಯನ್ನು, ಆಮೇಲೆ ‘ನಮೋ ಮರಿಯಾ’ವನ್ನು 150 ಸಲ ಹೇಳತೊಡಗಿದರು. ಅಕ್ಷರ ಕಲಿಯದವರ ಕೀರ್ತನೆ ಪುಸ್ತಕವದು. ಹದಿನೈದನೆಯ ಶತಮಾನದಲ್ಲಿ ದೊಮಿನಿಕನ್ ಗುರು ಅಲೆನ್ ದ ಲಾ ರೋಶ್ ಅದನ್ನು ಊರೂರಿಗೆ ಹಬ್ಬಿಸಿದರು, 1569ರಲ್ಲಿ ಪೋಪ್ ಐದನೆಯ ಪಿಯುಸ್ ಅದಕ್ಕೆ ಅಧಿಕೃತ ರೂಪ ಕೊಟ್ಟರು. ಎರಡು ವರ್ಷದ ನಂತರ, 1571ರ ಅಕ್ಟೋಬರ್ 7ರಂದು ಕ್ರೈಸ್ತ ಪಡೆಗಳು ಗೆದ್ದ ಲೆಪಾಂಟೋ ನೌಕಾಯುದ್ಧ, ಅದರ ನೆನಪಿನಿಂದ ಹುಟ್ಟಿದ್ದೇ ಜಪಮಾಲೆ ಮಾತೆಯ ಹಬ್ಬ. (ಹಬ್ಬದ ದಿನ ಪ್ರವಚನವೆಲ್ಲ ಹಡಗು, ಫಿರಂಗಿಗಳಲ್ಲೇ ಮುಗಿದುಹೋಗುವುದು ನನಗೆ ರುಚಿಸದು.) ನಿಮ್ಮ ಜಿಲ್ಲೆಯ ಪಕ್ಕದ ಮಂಗಳೂರಿನ ರೊಜಾರಿಯೊ ಚರ್ಚು ಜಪಮಾಲೆ ಮಾತೆಯ ಹೆಸರಿನಲ್ಲಿ ಸ್ಥಾಪನೆಯಾದದ್ದು 1568ರಲ್ಲಿ, ಆ ಯುದ್ಧಕ್ಕೂ ಹಬ್ಬಕ್ಕೂ ಮುಂಚೆಯೇ.

ಇನ್ನು ಬೆಳಕಿನ ರಹಸ್ಯಗಳು. ಹಳೆಯ ಕ್ರಮದಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಸಿಕ್ಕುತ್ತಾರೆ, ಮುಂದಿನ ರಹಸ್ಯಕ್ಕೆ ಗೆತ್ಸೆಮನೆಯಲ್ಲಿ ರಕ್ತ ಬೆವರುತ್ತಾರೆ. ನಡುವಿನ ಬದುಕೆಲ್ಲ ಎಲ್ಲಿ ಹೋಯಿತು? ಸ್ನಾನದೀಕ್ಷೆ, ಕಾನಾದ ಮದುವೆ, ದೇವರ ರಾಜ್ಯದ ಸಾರಿಕೆ, ರೂಪಾಂತರ, ಪರಮಪ್ರಸಾದದ ಸ್ಥಾಪನೆ, ಈ ಐದು ಆ ಖಾಲಿ ಜಾಗವನ್ನು ತುಂಬುತ್ತವೆ. 150ರ ಲೆಕ್ಕ ಕೆಡುತ್ತದೆ, ನಿಜ. ನನ್ನ ಮಟ್ಟಿಗೆ ಕೆಟ್ಟರೆ ಕೆಡಲಿ. ನೀವು ಒಬ್ಬರೇ ಹೇಳುವಾಗ ನಿಮ್ಮ ಕ್ರಮ ಇರಲಿ, ಮನೆಮಂದಿ ಸೇರಿದ ಗುರುವಾರ ಸೊಸೆಗೆ ಬಿಟ್ಟುಕೊಡಿ.

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ ಕೆಲವು ಹಿರಿಯ ಅಮ್ಮಂದಿರು ಭಾನುವಾರದ ಬಲಿಪೂಜೆಯ ಉದ್ದಕ್ಕೂ ತುಟಿ ಅಲ್ಲಾಡಿಸುತ್ತ ಜಪಸರ ಹೇಳುತ್ತಾರೆ. ಇದು ಸರಿಯೇ? – ಕೊಳ್ಳೇಗಾಲ

ಉತ್ತರ: ಸರಿಯಲ್ಲ. ಆರಾಧನೆಯ ನಡುವೆ ಜಪಸರ ಹೇಳುವುದು ತಪ್ಪು ಎಂದು ಪೋಪ್ ಆರನೆಯ ಪೌಲ್ 1974ರ ತಮ್ಮ ಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಜಪಸರ ಯಾವುದನ್ನು ನೆನೆಯುತ್ತದೋ ಅದು ಬಲಿಪೀಠದ ಮೇಲೆ ನಡೆಯುತ್ತಿರುವಾಗ ನೆನೆಯುವುದೇನು, ಕಣ್ಣೆತ್ತಿ ನೋಡಬೇಕು. ಆದರೆ ಆ ಅಮ್ಮಂದಿರ ಮೇಲೆ ಹರಿಹಾಯಬೇಡಿ. ಲತೀನಿನಲ್ಲಿ ಪೂಜೆ ನಡೆಯುತ್ತಿದ್ದ ಕಾಲದಲ್ಲಿ ಅವರ ತಾಯಂದಿರಿಗೆ ಅರ್ಥವಾಗುವ ಪ್ರಾರ್ಥನೆ ಅದೊಂದೇ ಆಗಿತ್ತು, ಆ ಅಭ್ಯಾಸ ಮಕ್ಕಳಿಗೂ ಬಂತು. ಪೂಜೆಗೆ ಅರ್ಧ ಗಂಟೆ ಮುಂಚೆ ಚರ್ಚಿನಲ್ಲಿ ಜಪಸರ ಇಡಲು ನಿಮ್ಮ ಗುರುಗಳಿಗೆ ಹೇಳಿ, ಮುಂದಾಳುತನ ಆ ಅಮ್ಮಂದಿರಿಗೇ ವಹಿಸಿ.

ಪ್ರಶ್ನೆ: ಜಪಸರವನ್ನು ಕೊರಳಿಗೆ ಹಾಕಿಕೊಂಡರೆ ನಮ್ಮ ಉಪದೇಶಿಗಳು ಬೈಯುತ್ತಾರೆ. ಕಾರಿನ ಕನ್ನಡಿಗೆ ತೂಗುಹಾಕುವುದು ಸರಿಯಂತೆ, ಕೊರಳಿಗೆ ತಪ್ಪಂತೆ! ತುಂಡಾದ ಸರವನ್ನು ಏನು ಮಾಡಬೇಕು? – ಬಳ್ಳಾರಿ

ಉತ್ತರ: ಧರ್ಮಸಭೆಯ ಕಾನೂನಿನ 1171ನೆಯ ಕಲಮು ಹೇಳುವುದಿಷ್ಟು: ಆಶೀರ್ವದಿಸಿದ ವಸ್ತುಗಳನ್ನು ಗೌರವದಿಂದ ಕಾಣಬೇಕು, ಅಯೋಗ್ಯವಾಗಿ ಬಳಸಬಾರದು. ಕೊರಳು, ಕಾರು ಎಂಬ ಮಾತೇ ಅಲ್ಲಿಲ್ಲ.

ಕೊರಳಲ್ಲಿ ಧರಿಸಿದ ಜಪಸರದ್ದೇ ಒಂದು ದೊಡ್ಡ ಕತೆಯಿದೆ. ಗೋವೆಯಲ್ಲಿ ಹುಟ್ಟಿದ ಸಂತ ಜೋಸೆಫ್ ವಾಸ್ ನಮ್ಮ ಕೆನರಾದಲ್ಲಿ ಸೇವೆ ಸಲ್ಲಿಸಿದ ನಂತರ 1687ರಲ್ಲಿ ಸಿಲೋನಿಗೆ ಹೋದರು. ಅಲ್ಲಿನ ಕರಾವಳಿಯಲ್ಲಿ ಆಗ ಡಚ್ಚರ ಆಳ್ವಿಕೆ, ಕಥೋಲಿಕ ಗುರುಗಳಿಗೆ ಪ್ರವೇಶವೇ ಇರಲಿಲ್ಲ. ವಾಸ್ ಭಿಕ್ಷುಕನ ವೇಷದಲ್ಲಿ ಜಾಫ್ನದ ಮನೆ ಮನೆಗೆ ಹೋಗಿ ಕೈಚಾಚಿದರು, ಕೊರಳಲ್ಲಿ ಜಪಸರ ಕಾಣುವಂತೆ. ಭಿಕ್ಷೆ ಹಾಕುವವರ ಕಣ್ಣು ಆ ಮಣಿಗಳ ಮೇಲೆ ನಿಂತಿತೋ ಇಲ್ಲವೋ ಎಂಬುದರಿಂದಲೇ ಗುಟ್ಟಾಗಿ ಉಳಿದ ಕ್ರೈಸ್ತರನ್ನು ಅವರು ಗುರುತು ಹಿಡಿದರು. ವಾಸ್ ಅವರನ್ನು 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ನೀವು ಹಾಕಿಕೊಳ್ಳುವುದು ಶರ್ಟಿಗೆ ಒಪ್ಪುತ್ತದೆಂದೋ, ಪ್ರಾರ್ಥಿಸಲು ಕೈಗೆ ಸಿಗಲೆಂದೋ? ಅದನ್ನು ಉಪದೇಶಿಗಳು ಹೇಳಲಾರರು, ನೀವೇ ಬಲ್ಲಿರಿ. ಕಾರಿನಲ್ಲಿ ತೂಗುವ ಸರದ ಮಣಿ ಒಂದು ದಿನವಾದರೂ ಬೆರಳಿಗೆ ತಾಗಿದೆಯೇ ಎಂದು ನಾನು ಅವರನ್ನೂ ಕೇಳುತ್ತಿದ್ದೆ. ತುಂಡಾದದ್ದು ರಿಪೇರಿಯಾದರೆ ಮಾಡಿಸಿ, ಆಗದಿದ್ದರೆ ಮಣ್ಣಿನಲ್ಲಿ ಹೂಳಿ, ಇಲ್ಲವೇ ಸುಟ್ಟುಬಿಡಿ. ಸರ ತುಂಡಾದರೆ ಮನೆಗೆ ಕೆಡುಕು ಎಂಬುದೆಲ್ಲ ಸುಳ್ಳು. ದಾರ ಸವೆದಿತ್ತು, ಅಷ್ಟೆ.

ಪ್ರಶ್ನೆ: ಯಜಮಾನರಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ 54 ದಿನಗಳ ಜಪಸರದ ನೊವೇನ ಶುರು ಮಾಡಿದೆ. ನಡುವೆ ಆಸ್ಪತ್ರೆಯ ಓಡಾಟದಲ್ಲಿ ಒಂದು ದಿನ ತಪ್ಪಿತು. ಅವರು ಉಳಿಯಲಿಲ್ಲ. ತಪ್ಪಿದ ಆ ಒಂದು ದಿನದಿಂದಲೇ ಹೀಗಾಯಿತೇ ಎಂದು ರಾತ್ರಿ ನಿದ್ದೆ ಬರುವುದಿಲ್ಲ. ನೊವೇನ ತಪ್ಪಿದರೆ ಕೇಡಾಗುತ್ತದೆಂದು ಮೊಬೈಲಿನಲ್ಲಿ ಬಂದ ಒಂದು ಸಂದೇಶವನ್ನೂ ಓದಿದ್ದೆ. – ತುಮಕೂರು

ಉತ್ತರ: ಇಲ್ಲಮ್ಮ. ಖಂಡಿತ ಇಲ್ಲ. ಗಂಡನ ಹಾಸಿಗೆಯ ಪಕ್ಕ ಕೂತಿದ್ದ ಹೆಂಡತಿಯಿಂದ ಒಂದು ದಿನದ ಪ್ರಾರ್ಥನೆ ತಪ್ಪಿತೆಂದು ಲೆಕ್ಕ ಹಿಡಿದು ಜೀವ ತೆಗೆಯುವವನು ನಮ್ಮ ದೇವರಲ್ಲ. ಆ ದಿನ ನೀವು ಮಾಡಿದ ಸೇವೆಯೇ ಪ್ರಾರ್ಥನೆ.

ಸಂದೇಶದ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ ಇಂಥದ್ದನ್ನು ಹಂಚುವವರೂ ಈ ಅಂಕಣ ಓದುತ್ತಾರೆ. ಇಷ್ಟು ಜನರಿಗೆ ಕಳಿಸಿ, ಇಷ್ಟು ದಿನ ಹೇಳಿ, ತಪ್ಪಿದರೆ ಕೇಡು ಎಂಬ ಬೆದರಿಕೆಗೆ ಕ್ರೈಸ್ತ ವಿಶ್ವಾಸದಲ್ಲಿ ಜಾಗವಿಲ್ಲ. ಒಳಗಿನ ಮನಸ್ಸನ್ನು ಬಿಟ್ಟು, ಬರೀ ಬಾಹ್ಯ ಆಚರಣೆಯಿಂದಲೇ ಪ್ರಾರ್ಥನೆ ಫಲಿಸುತ್ತದೆ ಎಂದು ನಂಬುವುದು ಮೂಢನಂಬಿಕೆಯೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ (2111) ಹೇಳುತ್ತದೆ. ಬಂದ ಸಂದೇಶವನ್ನು ಅಳಿಸಿ, ಮುಂದೆ ಕಳಿಸಬೇಡಿ.

ಆ ನೊವೇನದ ರಚನೆಯನ್ನು ನೆನಪಿಸಿಕೊಳ್ಳಿ. 27 ದಿನ ಬೇಡಿಕೆ, ಉಳಿದ 27 ದಿನ ಕೃತಜ್ಞತೆ. ಬೇಡಿದ್ದು ದೊರೆಯಲಿ, ದೊರೆಯದಿರಲಿ, ಇಪ್ಪತ್ತೆಂಟನೆಯ ದಿನ ಕೃತಜ್ಞತೆ ಶುರುವಾಗಲೇಬೇಕು. ಕೊಟ್ಟು ಕೊಳ್ಳುವ ವ್ಯವಹಾರವಾಗಿದ್ದರೆ ಈ ಏರ್ಪಾಡು ಇರುತ್ತಿರಲಿಲ್ಲ. ಇದು ಇಟಲಿಯ ಪೊಂಪೆಯಿಯ ಜಪಮಾಲೆ ಮಾತೆಯ ಭಕ್ತಿಯಿಂದ ಬಂದದ್ದು. ಆ ಪುಣ್ಯಕ್ಷೇತ್ರವನ್ನು ಕಟ್ಟಿದ ಬಾರ್ತೊಲೊ ಲಾಂಗೊ ಗುರುವಲ್ಲ, ವಕೀಲ. ಯೌವನದಲ್ಲಿ ಪ್ರೇತಗಳನ್ನು ಕರೆಯುವ ಪಂಥಕ್ಕೆ ಸೇರಿ ದಾರಿ ತಪ್ಪಿದವರು, ಮರಳಿ ಬಂದ ಮೇಲೂ ಬಹುಕಾಲ ನಿರಾಶೆಯಲ್ಲಿ ನರಳಿದವರು. ಅವರನ್ನು 2025ರ ಅಕ್ಟೋಬರಿನಲ್ಲಿ ಸಂತರೆಂದು ಘೋಷಿಸಲಾಯಿತು.

ದುಃಖದ ರಹಸ್ಯಗಳಲ್ಲಿ ಮೊದಲನೆಯದು ಯಾವುದು? ತೋಟದಲ್ಲಿ ಯೇಸುವಿನ ಪ್ರಾರ್ಥನೆ. ಪಾತ್ರೆ ತನ್ನಿಂದ ದೂರವಾಗಲಿ ಎಂದು ಅವರು ಬೇಡಿದರು, ಅದು ದೂರವಾಗಲಿಲ್ಲ. ಐದನೆಯ ರಹಸ್ಯದಲ್ಲಿ ಅವರ ತಾಯಿ ಶಿಲುಬೆಯ ಕೆಳಗೆ ನಿಂತಿದ್ದಾರೆ, ಆಕೆಯ ಮಗನೂ ಉಳಿಯಲಿಲ್ಲ. ಜಪಸರದ ಒಳಗೇ ಇದೆಲ್ಲ ಇರುವಾಗ ಅದನ್ನು ಬೇಡಿದ್ದು ಕೊಡಿಸುವ ಸಾಧನ ಎಂದು ಮಾರುವವರು ಅದನ್ನು ಒಮ್ಮೆಯಾದರೂ ಗಮನವಿಟ್ಟು ಹೇಳಿದ್ದಾರೆಯೇ ಎಂಬುದು ನನ್ನ ಸಂಶಯ. ಅದರ ಬೆಲೆ ಬೇರೆ ಕಡೆ ಇದೆ. ಸ್ವಂತ ಮಾತೇ ಹೊರಡದ ದಿನ ನೀವು ಹೊಸದಾಗಿ ಏನನ್ನೂ ಹುಡುಕಬೇಕಿಲ್ಲ. ಮಾತುಗಳು ಆಗಲೇ ಸಿದ್ಧವಾಗಿವೆ, ಆ ಹಾದಿಯನ್ನು ನಡೆದವಳ ಜೊತೆಯೂ ಇದೆ. ಈಗ ಹೇಳಲು ಆಗುತ್ತಿಲ್ಲವಾದರೆ ಬಲವಂತ ಬೇಡ. ನಿಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ಹೇಳುವಾಗ ಸುಮ್ಮನೆ ಪಕ್ಕದಲ್ಲಿ ಕೂತಿರಿ. ನಿದ್ದೆ ವಾರಗಟ್ಟಲೆ ಬಾರದಿದ್ದರೆ ವೈದ್ಯರಿಗೂ ತಿಳಿಸಿ, ಅದಕ್ಕೆ ಸಂಕೋಚಪಡಬೇಡಿ.

ಪ್ರಶ್ನೆ: ನಾನು ಕ್ರೈಸ್ತಳಲ್ಲ. ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಮೇರಿಯಮ್ಮನ ಹಬ್ಬಕ್ಕೆ ಹೋಗುತ್ತೇನೆ. ಗೆಳತಿಯೊಬ್ಬಳು ಜಪಸರ ಕೊಟ್ಟಿದ್ದಾಳೆ. ನಾನು ಹೇಳಬಹುದೇ? – ಬೆಂಗಳೂರು

ಉತ್ತರ: ಧಾರಾಳವಾಗಿ. ಪರಮಪ್ರಸಾದ ಸ್ವೀಕರಿಸಲು ಸ್ನಾನದೀಕ್ಷೆ ಬೇಕು, ಜಪಸರ ಹೇಳಲು ಅಂಥ ಷರತ್ತಿಲ್ಲ. ಒಂದು ಮಾತು ತಿಳಿದಿರಲಿ: ನಾವು ಮರಿಯಮ್ಮನವರನ್ನು ದೇವರೆಂದು ಆರಾಧಿಸುವುದಿಲ್ಲ, ನಮಗಾಗಿ ಮಗನಲ್ಲಿ ಬೇಡಿಕೊಳ್ಳಿ ಎಂದು ಕೇಳುತ್ತೇವೆ. ರಹಸ್ಯಗಳ ಕತೆ ಗೊತ್ತಿಲ್ಲದಿದ್ದರೆ ಲೂಕನ ಶುಭಸಂದೇಶದ ಮೊದಲೆರಡು ಅಧ್ಯಾಯ ಓದಿ, ಸಂತೋಷದ ರಹಸ್ಯಗಳು ಐದೂ ಅಲ್ಲಿವೆ.

ಪ್ರಶ್ನೆ: ನಾನು ಐಸಿಯುನಲ್ಲಿ ನರ್ಸ್. ರಾತ್ರಿ ಡ್ಯೂಟಿಯಲ್ಲಿ ಸೋಂಕಿನ ನಿಯಮದಿಂದಾಗಿ ಕೈಯಲ್ಲಿ ಮಣಿ ಹಿಡಿಯುವಂತಿಲ್ಲ. ಬೆರಳೆಣಿಸಿ, ಗಂಟೆಗೊಂದು ರಹಸ್ಯದಂತೆ ಹೇಳುತ್ತೇನೆ. ಹಾಗೆ ಬಿಡಿಬಿಡಿಯಾಗಿ ಹೇಳಿದರೆ ಪೂರ್ಣ ದಂಡವಿಮೋಚನೆ ಸಿಗುವುದಿಲ್ಲವೆಂದು ಕೇಳಿದೆ. ಸಾಯುವ ರೋಗಿಗಳ ಪಕ್ಕದಲ್ಲಿ ಹೇಳಬಹುದೇ? – ಮೈಸೂರು

ಉತ್ತರ: ಸರದಲ್ಲಿ 59 ಮಣಿಗಳಿವೆ, ಅವೆಲ್ಲ ಎಣಿಕೆಯ ಅನುಕೂಲಕ್ಕೆ. ನಿಮ್ಮ ಹತ್ತು ಬೆರಳು ಸಾಕು. ಐದು ರಹಸ್ಯಗಳನ್ನು ಐದು ಗಂಟೆಗಳಿಗೆ ಹಂಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ದಂಡವಿಮೋಚನೆಯ ಬಗ್ಗೆ ನೀವು ಕೇಳಿದ್ದು ನಿಜ. ಪೂರ್ಣ ವಿಮೋಚನೆಗೆ ಚರ್ಚಿನಲ್ಲೋ, ಮನೆಮಂದಿಯ ಇಲ್ಲವೇ ಸಮುದಾಯದ ಜೊತೆಯಲ್ಲೋ, ಐದು ರಹಸ್ಯಗಳನ್ನು ತಡೆಯಿಲ್ಲದೆ, ಧ್ಯಾನದೊಂದಿಗೆ ಹೇಳಬೇಕು. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಇವೂ ಬೇಕು, ಪಾಪದ ಮೇಲಿನ ಮೋಹವಂತೂ ಇರಕೂಡದು. ಉಳಿದಂತೆ ಹೇಳಿದರೆ ಭಾಗಶಃ ವಿಮೋಚನೆ. ಪೂರ್ಣ ವಿಮೋಚನೆಗಾಗಿ ರಜೆಯ ದಿನ ಚರ್ಚಿಗೆ ಹೋಗಿ ಒಟ್ಟಿಗೆ ಹೇಳಿ. ಐಸಿಯುನಲ್ಲಿ ಈ ಲೆಕ್ಕ ಬೇಡ.

ರೋಗಿಗಳ ಪಕ್ಕ ಮನಸ್ಸಿನಲ್ಲೇ ಹೇಳಲು ಯಾರ ಅನುಮತಿಯೂ ಬೇಡ, ಅವರು ಯಾವ ಧರ್ಮದವರಾದರೂ ಸರಿ. ಮರಣದ ಹೊತ್ತಿನ ಬೇಡಿಕೆ ಆ ಪ್ರಾರ್ಥನೆಯ ಕೊನೆಯಲ್ಲೇ ಇದೆಯಲ್ಲ. ಗಟ್ಟಿಯಾಗಿ ಹೇಳಬೇಕೆಂದರೆ ಮಾತ್ರ ರೋಗಿಯೋ ಮನೆಯವರೋ ಕೇಳಿರಬೇಕು. ಕಥೋಲಿಕರಾಗಿದ್ದರೆ ಜಪಸರಕ್ಕಿಂತ ಮೊದಲು ಗುರುಗಳಿಗೆ ಫೋನ್ ಮಾಡಿ. ಅಭ್ಯಂಗ ಕೊಡಲು ರಾತ್ರಿ ಎರಡಕ್ಕೆ ಕರೆದರೂ ನಾವು ಬರಲೇಬೇಕು.